ಎಡಗಡೆ ಎಂಜಿನ್ ನಿಂತ ಭಾನುವಾರ

ಮೇಸ್ತ್ರಿಗೆ,

ನಮಸ್ಕಾರ. ಈ ಪತ್ರವನ್ನು ನೀನು ಓದುವುದಿಲ್ಲ, ಮಗಳು ಓದಿ ಹೇಳುತ್ತಾಳೆ ಎಂದು ನನಗೆ ಗೊತ್ತು. ಆದ್ದರಿಂದ ಮೊದಲು ಅವಳಿಗೊಂದು ಮಾತು. ಮಗಳೇ, ಅಪ್ಪನಿಗೆ ಬೇಸರವಾದೀತೆಂದು ಯಾವ ಸಾಲನ್ನೂ ನುಂಗಬೇಡ. ಈ ಮಾಮನ ಮರ್ಯಾದೆ ಹೋದೀತೆಂದೂ ಬಿಡಬೇಡ. ಹೋಗಬೇಕಾದದ್ದು ಹೋಗಲಿ ಎಂದೇ ಬರೆಯುತ್ತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ, ಹೊಂದಿಸಿಕೋ. ನಲವತ್ತು ವರ್ಷ ಬೇರೆಯವರು ಬರೆದದ್ದನ್ನು ಹೊಲಿದು, ಅಂಟು ಹಚ್ಚಿ, ರಟ್ಟು ಹಾಕಿದವನು ನಾನು. ಸ್ವಂತಕ್ಕೆ ಬರೆದು ರೂಢಿಯಿಲ್ಲ.

ಗುರುವಾರ ನೀನು ಮಗಳ ಕೈಯಲ್ಲಿ ಪೆಟ್ಟಿಗೆ ಕಳಿಸಿದೆಯಂತೆ. ನಾನು ನೋಡಿದ್ದು ಶನಿವಾರ, ನಮ್ಮ ಮಾದರಿ ವಿಮಾನ ಕ್ಲಬ್ಬಿನ ಕೋಣೆಯ ಬೀಗ ತೆಗೆದಾಗ. ಮೇಜಿನ ಮೇಲೆ ಇತ್ತು. ನಿನ್ನ ರಿಮೋಟ್, ಬಟ್ಟೆಯ ಸುರುಳಿಯಲ್ಲಿ ಸಣ್ಣ ಸ್ಪ್ಯಾನರುಗಳು, ಎಣ್ಣೆ ಹಿಡಿದ ನಿನ್ನ ಏಪ್ರನ್ನು, ಒಡೆಯದೆ ಉಳಿದ ನಾಲ್ಕು ಪ್ರೊಪೆಲ್ಲರು. 'ನನಗಿನ್ನು ಬೇಡ, ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ ಅಂತ ಅಪ್ಪ ಹೇಳಿದ್ರು' ಎಂದು ಮಗಳು ಕಾರ್ಯದರ್ಶಿಗೆ ಹೇಳಿಹೋಗಿದ್ದಳು. ನಾನು ಪೆಟ್ಟಿಗೆಯ ತಳದವರೆಗೂ ಕೈಹಾಕಿ ಹುಡುಕಿದೆ. ನನಗೆಂದು ಒಂದು ಚೀಟಿಯಾದರೂ ಇರಬಹುದೆಂಬ ಆಸೆ. ಇರಲಿಲ್ಲ. ಇರಲು ಕಾರಣವೂ ಇಲ್ಲ.

ಅವತ್ತು ಸಂಜೆ ನಿಮ್ಮ ಮನೆಯ ಗೇಟಿನವರೆಗೂ ಬಂದೆ. ಒಳಗೆ ರೇಡಿಯೋದಲ್ಲಿ ಯಾರೋ ವಾರ್ತೆ ಓದುತ್ತಿದ್ದರು. ನೀನು ಕೆಮ್ಮಿದ್ದು ಕೇಳಿಸಿತು. ಅಗುಳಿಯ ಮೇಲೆ ಕೈಯಿಟ್ಟವನು ಹಾಗೇ ತಿರುಗಿ ಬಂದೆ. ಎದುರು ನಿಂತರೆ ನಾನು ಮತ್ತೆ ಜಾಣನಾಗುತ್ತೇನೆ, ಅದು ನನ್ನ ಹಳೆಯ ರೋಗ. ಕಾಗದದ ಮೇಲೆ ಅಷ್ಟು ಸುಲಭವಾಗಿ ನುಣುಚಿಕೊಳ್ಳಲು ಆಗುವುದಿಲ್ಲ.

ಮುಂದೆ ಬರೆಯುವುದರಲ್ಲಿ ಬಹಳಷ್ಟು ನಿನಗೆ ಗೊತ್ತಿರುವುದೇ. ಆದರೆ ಮಗಳಿಗೆ ಪೂರ್ತಿ ಗೊತ್ತಿಲ್ಲ. ನನ್ನ ಕಡೆಯಿಂದ ಅದು ಹೇಗಿತ್ತೆಂದು ನಿನಗೂ ಗೊತ್ತಿಲ್ಲ.

ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದ ದಿನ ನೀನು ಮನೆಗೆ ಹೋಗದೆ ನೇರ ನನ್ನ ಅಂಗಡಿಗೆ ಬಂದೆ. ನಾನು ಒಂದು ದಪ್ಪ ನಿಘಂಟಿಗೆ ಬೆನ್ನು ಹಾಕುತ್ತಿದ್ದೆ. ನೀನು ಸ್ಟೂಲಿನ ಮೇಲೆ ಕೂತು, 'ಅಂಟಣ್ಣ, ನಡುವಿಂದ ಹೋಗ್ತಾ ಇದೆಯಂತೆ' ಅಂದೆ. ಏನು ಎಂದು ಕೇಳಿದೆ. 'ಕಣ್ಣು. ಅಂಚಲ್ಲಿ ಕಾಣ್ತದೆ, ನಡುವಲ್ಲಿ ಮಬ್ಬು. ನಿನ್ನ ಕಡೆ ನೋಡಿದ್ರೆ ಕಿವಿ ಎರಡೂ ಕಾಣ್ತವೆ, ಮುಖ ಇಲ್ಲ. ಅಂಥ ನಷ್ಟ ಏನೂ ಆಗಿಲ್ಲ ಬಿಡು.' ನಾನು ನಗಲಿಲ್ಲ. ನೀನೇ ನಕ್ಕೆ. ಆಮೇಲೆ, 'ಒಂದು ವರ್ಷ, ಹೆಚ್ಚು ಅಂದ್ರೆ ಒಂದೂವರೆ. ಅಷ್ಟರಲ್ಲಿ ಎರಡು ಎಂಜಿನಿಂದು ಒಂದು ಮಾಡೋಣ' ಅಂದೆ.

ಇಪ್ಪತ್ತಾರು ವರ್ಷದಲ್ಲಿ ನಾವಿಬ್ಬರೂ ಒಂದೇ ಎಂಜಿನಿನ ವಿಮಾನ ಬಿಟ್ಟು ಬೇರೆ ಮಾಡಿರಲಿಲ್ಲ. ನೀನು ಬಸ್ ಡಿಪೋದ ಹರಿದ ಕೈಪಿಡಿಗಳನ್ನು ಬೈಂಡ್ ಮಾಡಿಸಲು ಬಂದವನು, ಗೋಡೆಗೆ ತೂಗುಹಾಕಿದ್ದ ನನ್ನ ಮಾದರಿ ವಿಮಾನ ನೋಡಿ, 'ಇದರ ಮೂಗು ಭಾರ, ಹಾರಲ್ಲ' ಅಂದಿದ್ದೆ. ಹಾರಲಿಲ್ಲ ಕೂಡ. ಅಲ್ಲಿಂದ ಶುರು. ಎರಡು ಎಂಜಿನ್ ಅಂದರೆ ಎರಡು ಪಟ್ಟು ಕೆಲಸ, ನಾಲ್ಕು ಪಟ್ಟು ಭಯ ಎಂದು ನಮ್ಮ ಕ್ಲಬ್ಬಿನಲ್ಲಿ ಎಲ್ಲರೂ ಹೇಳುವ ಮಾತು. ಒಂದು ಎಂಜಿನ್ ಇರುವ ವಿಮಾನದಲ್ಲಿ ಎಂಜಿನ್ ನಿಂತರೆ ಅದು ಗಾಳಿಪಟದ ಹಾಗೆ ಮೆಲ್ಲಗೆ ಇಳಿಯುತ್ತದೆ. ಎರಡಿದ್ದು ಒಂದು ನಿಂತರೆ, ಓಡುತ್ತಿರುವ ಇನ್ನೊಂದೇ ಅದನ್ನು ಬುಗುರಿಯಂತೆ ತಿರುಗಿಸಿ ನೆಲಕ್ಕೆ ಹೊಡೆಯುತ್ತದೆ. ನಮ್ಮ ಕ್ಲಬ್ಬಿನವರೇ ಆದ ಹಲ್ಲಿನ ಡಾಕ್ಟರ ದುಬಾರಿ ವಿಮಾನ ಹಾಗೆ ಬಿದ್ದು ಪುಡಿಯಾದದ್ದನ್ನು ಇಬ್ಬರೂ ಕಂಡಿದ್ದೆವು.

ಆ ವಾರವೆಲ್ಲ ನನ್ನ ಬೈಂಡಿಂಗ್ ಮೇಜಿನ ಮೇಲೆ ನಕ್ಷೆಗಳೇ. ಹಳೆಯ ಮಹಾಯುದ್ಧದ ವಿಮಾನವೇ ಬೇಕು ಎಂಬುದರಲ್ಲಿ ನಮ್ಮಿಬ್ಬರಿಗೂ ಒಮ್ಮತ, ಯಾವುದು ಎಂಬುದರಲ್ಲಿ ಜಗಳ. ನಾಲ್ಕು ಎಂಜಿನಿನ ದೊಡ್ಡ ಬಾಂಬರನ್ನು ನೀನು ಮೊದಲೇ ಸುತ್ತಿಟ್ಟೆ. 'ಇದನ್ನ ಮಾಡೋಕೆ ನಿನ್ನ ಅಂಗಡಿ ಗೋಡೆ ಒಡೀಬೇಕು' ಅಂದೆ. ನನ್ನ ಕಣ್ಣು ಬಿದ್ದಿದ್ದು ಸಪೂರ ಸೊಂಟದ, ಚೂಪು ಮೂಗಿನ ಒಂದು ಫೈಟರ್ ಮೇಲೆ. ನಿಂತಲ್ಲೇ ಹಾರುತ್ತಿದೆ ಅನ್ನಿಸುವಂಥದ್ದು. ನೀನು ನಕ್ಷೆಯನ್ನು ಕಣ್ಣಿನ ಅಂಚಿಗೆ ಹಿಡಿದು, ಓರೆಯಾಗಿ, ಕೋಳಿ ಕಾಳು ನೋಡುವ ಹಾಗೆ ನೋಡಿದೆ. 'ಎಂಜಿನ್ ಎರಡೂ ಮೈಯಿಂದ ದೂರ ಇವೆ. ಒಂದು ನಿಂತ್ರೆ ಇನ್ನೊಂದು ಎಳೆದು ಬೀಳಿಸ್ತದೆ. ಬಾಲ ನೋಡು, ಎಷ್ಟು ಚಿಕ್ಕದು. ಬೇಡ' ಅಂದೆ. ನೀನು ಆರಿಸಿದ್ದು ಕಡಲ ಕಾವಲಿಗೆ ಹೋಗುತ್ತಿದ್ದ ಒಂದು ದಪ್ಪ ಹೊಟ್ಟೆಯ ನಿಧಾನದ ವಿಮಾನ. ಎಂಜಿನ್ ಎರಡೂ ಮೈಗೆ ಒತ್ತಿಕೊಂಡಿದ್ದವು. ರೆಕ್ಕೆ ಅಗಲ, ಬಾಲ ಬಾಗಿಲಿನಷ್ಟು. ನನ್ನ ಹೆಂಡತಿ ಚಹಾ ತಂದವಳು ಚಿತ್ರ ನೋಡಿ, 'ಇದಕ್ಕೆ ಎಷ್ಟು ತಿಂಗಳು?' ಎಂದು ಕೇಳಿದ್ದಳು. ನೀನು, 'ದಿನ ತುಂಬಿದೆ ಅಕ್ಕ' ಅಂದಿದ್ದೆ.

ಮಗಳೇ, ನೀನೂ ಅವತ್ತು ಬಂದಿದ್ದೆ, ನೆನಪಿದೆಯಾ? 'ಹಾರೋದು ಅಷ್ಟೊಂದು ಇರುವಾಗ ಯುದ್ಧದ್ದೇ ಯಾಕಪ್ಪ?' ಎಂದು ಕೇಳಿದೆ. ಅಪ್ಪ ಚಿತ್ರದ ಬಾಲದ ಮೇಲೆ ಬೆರಳಿಟ್ಟು, 'ಇದನ್ನ ಓಡಿಸ್ತಿದ್ದವರೂ ಯಾರದೋ ಮನೆ ಮಕ್ಕಳೇ ಅಲ್ವೇನಮ್ಮ. ಒಂದು ಎಂಜಿನ್ ಹೋದ್ರೂ ಹುಡುಗ್ರು ಮನೆ ಸೇರ್ಲಿ ಅಂತ ಯೋಚನೆ ಮಾಡಿ ಯಾರೋ ಒಬ್ಬ ಈ ಬಾಲ ಇಷ್ಟು ದೊಡ್ಡದು ಬರೆದಿದ್ದಾನೆ. ನನಗೆ ಅವನು ಇಷ್ಟ' ಅಂದ. ನಾನು ನನ್ನ ಚೂಪು ಮೂಗಿನವಳ ನಕ್ಷೆಯನ್ನು ಮಡಚಿಟ್ಟೆ.

ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲ ಮೂರು ತಿಂಗಳು ನೀನು ಬಾಲ್ಸಾ ಎಂಬ ಹಗುರ ಮರದ ಹಾಳೆಯಿಂದ ರೆಕ್ಕೆಯ ಪಕ್ಕೆಲುಬುಗಳನ್ನು ಕತ್ತರಿಸಿದೆ. ಐವತ್ತೆರಡು ಪಕ್ಕೆಲುಬು, ಒಂದೊಂದು ಜೋಡಿಯೂ ಹಿಂದಿನದಕ್ಕಿಂತ ಕೂದಲೆಳೆ ಚಿಕ್ಕದು. ನಾಲ್ಕನೆಯ ತಿಂಗಳು ಬ್ಲೇಡು ಗೆರೆ ದಾಟಿ ನಿನ್ನ ಹೆಬ್ಬೆರಳಿಗೆ ಇಳಿಯಿತು. ನೀನು ರಕ್ತ ಒರೆಸಿಕೊಂಡು, ಬ್ಲೇಡನ್ನು ನನ್ನ ಕಡೆ ತಳ್ಳಿ, ಮರಳುಕಾಗದ ಎತ್ತಿಕೊಂಡೆ. ಅಷ್ಟೆ. ಅಂದಿನಿಂದ ಕತ್ತರಿಸುವುದು ನನ್ನದು, ಉಜ್ಜಿ ನಯ ಮಾಡುವುದು ನಿನ್ನದು.

ರೆಕ್ಕೆಗೆ ರೇಷ್ಮೆ ಹೊದಿಸಿದ್ದು ನಾನು. ಪುಸ್ತಕದ ರಟ್ಟಿಗೆ ಬಟ್ಟೆ ಎಳೆದು ಕೂರಿಸುವ ಕೈ ಅದು, ಒಂದು ಸುಕ್ಕಿರಲಿಲ್ಲ. ನನಗೆ ಹೆಮ್ಮೆ. ನೀನು ಬಂದು ಅಂಗೈ ಚಾಚಿ ಬುಡದಿಂದ ತುದಿಯವರೆಗೆ ಒಮ್ಮೆ ಸವರಿದೆ, ಕುದುರೆಯ ಮೈ ಸವರುವ ಹಾಗೆ. 'ಎಡಗಡೆದು ತುದಿಯಲ್ಲಿ ತಿರುಚಿಕೊಂಡಿದೆ' ಅಂದೆ. ಸಾಧ್ಯವೇ ಇಲ್ಲ ಅಂದೆ ನಾನು. 'ಒಂದು ಹುಲ್ಲುಕಡ್ಡಿಯಷ್ಟು' ಅಂದೆ ನೀನು. ನೀನು ಹೋದಮೇಲೆ ಉಕ್ಕಿನ ಅಳತೆಪಟ್ಟಿ ಇಟ್ಟು ನೋಡಿದೆ. ಸರಿಯಾಗಿ ಒಂದು ಹುಲ್ಲುಕಡ್ಡಿಯಷ್ಟೇ ತಿರುಚಿತ್ತು. ಬಿಚ್ಚಿ ಮತ್ತೆ ಹೊದಿಸಿದೆ. ಮರುದಿನ ನಿನಗೆ ಹೇಳಲಿಲ್ಲ. ನೀನು ಮತ್ತೊಮ್ಮೆ ಸವರಿ, 'ಹಾಂ' ಅಂದೆಯಷ್ಟೇ. ಅಳತೆಪಟ್ಟಿ ಇಟ್ಟು ನೋಡಿದಾಗ ನನಗಾದದ್ದು ಮೆಚ್ಚುಗೆಯಲ್ಲ ಮೇಸ್ತ್ರಿ. ಸಿಟ್ಟು. ಕಣ್ಣು ಹೋದರೂ ಇವನಿಗೆ ಸೋಲಿಲ್ಲವಲ್ಲ ಎಂಬ ಸಿಟ್ಟು.

ಬರೆಯಲು ಕೂತಿರುವುದೇ ಇದನ್ನು, ಬರೆದುಬಿಡುತ್ತೇನೆ. ಇಪ್ಪತ್ತಾರು ವರ್ಷ ಬಯಲಿನಲ್ಲಿ ನಿನ್ನ ಪಕ್ಕದಲ್ಲಿ ನಿಂತಿದ್ದೇನೆ. ನೀನು ವಿಮಾನ ಇಳಿಸಿದರೆ ಬೆಕ್ಕು ಕಿಟಕಿಯಿಂದ ಇಳಿದ ಹಾಗೆ. ನಾನು ಇಳಿಸಿದರೆ ಮೇಜಿನಿಂದ ಪುಸ್ತಕ ಬಿದ್ದ ಹಾಗೆ. ಜನ ನಿನ್ನ ಹಾರಾಟ ನೋಡಲು ಬರುತ್ತಿದ್ದರು. ನನ್ನ ವಿಮಾನವನ್ನು ನೋಡಿ, 'ಹೊದಿಕೆ ಚೆನ್ನಾಗಿದೆ' ಅನ್ನುತ್ತಿದ್ದರು. ನಾನು ನಗುತ್ತಿದ್ದೆ. ಒಳಗೆ ಹೊಟ್ಟೆಕಿಚ್ಚು ಒಲೆಯ ಬೂದಿಯ ಕೆಳಗಿನ ಕೆಂಡದ ಹಾಗೆ ಇತ್ತು, ಉರಿಯುತ್ತಿರಲಿಲ್ಲ, ಆರಿಯೂ ಇರಲಿಲ್ಲ. ನೀನು ಸ್ಟೂಲಿನ ಮೇಲೆ ಕೂತು ಕಣ್ಣಿನ ವಿಷಯ ಹೇಳಿದ ದಿನ ನನಗೆ ನಿಜವಾಗಿ ದುಃಖವಾಯಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಆ ದುಃಖದ ಹಿಂದೆ, ಬಾಗಿಲ ಸಂದಿಯಿಂದ ಇಣುಕುವವನ ಹಾಗೆ, ಒಂದು ಯೋಚನೆಯೂ ಬಂತು: ಇನ್ನು ಹಾರಿಸುವವನು ನಾನೇ. ಅದನ್ನು ಅಟ್ಟಿದೆ. ಅದು ಅಂಗಳದಲ್ಲೇ ಕಾದು ಕೂತಿತ್ತು.

ಎಂಜಿನುಗಳು ಬಂದಮೇಲೆ ನೀನು ಬೇರೆಯೇ ಮನುಷ್ಯನಾದೆ. ನಿಮ್ಮ ಹಿತ್ತಲಲ್ಲಿ ಹಲಗೆಗೆ ಬಿಗಿದು, ಒಂದೊಂದನ್ನೂ ದಿನಕ್ಕೆ ಅರ್ಧ ಗಂಟೆ ಓಡಿಸಿ ಪಳಗಿಸಿದೆ. ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿ, 'ಮೇಸ್ತ್ರಿ, ಒಂದು ಸಾಲದು ಅಂತ ಎರಡಾ?' ಎಂದು ಕೇಳಿದ್ದರು. ಬಲಗಡೆಯದಕ್ಕೆ ಅಣ್ಣ, ಎಡಗಡೆಯದಕ್ಕೆ ತಮ್ಮ ಎಂದು ಹೆಸರಿಟ್ಟವನು ನೀನು. 'ತಮ್ಮನಿಗೆ ಗಂಟಲಲ್ಲಿ ಸ್ವಲ್ಪ ಕಫ' ಅನ್ನುತ್ತಿದ್ದೆ. ನನಗೆ ಎರಡರ ಸದ್ದೂ ಒಂದೇ. ಎರಡನ್ನೂ ರೆಕ್ಕೆಗೆ ಕೂರಿಸಿ ಒಟ್ಟಿಗೆ ಓಡಿಸಿದಾಗ ಗುಂಯ್... ಗುಂಯ್... ಎಂದು ಸದ್ದು ಉಬ್ಬಿ ಇಳಿಯುತ್ತಿತ್ತು. ಎರಡರ ವೇಗ ಒಂದೇ ಇಲ್ಲದಿದ್ದರೆ ಹಾಗಾಗುತ್ತದೆಂದು ನೀನೇ ಹೇಳಿಕೊಟ್ಟೆ. ನಾನು ವೇಗ ಅಳೆಯುವ ಯಂತ್ರ ಹಿಡಿದು ಅಂಕಿ ಓದುವಷ್ಟರಲ್ಲಿ, ನೀನು ತಲೆ ಓರೆ ಮಾಡಿ ತಮ್ಮನ ಇಂಧನ ಹಿಡಿತದ ಸೂಜಿಯನ್ನು ಕಾಲು ಸುತ್ತು ತಿರುಗಿಸುತ್ತಿದ್ದೆ, ಗುಂಯ್‌ಗುಟ್ಟುವುದು ನಿಂತು ಎರಡೂ ಒಂದೇ ಸದ್ದಾಗುತ್ತಿತ್ತು. ಆಗ ಅಪ್ಪನ ಮುಖ ನೋಡಬೇಕಿತ್ತು ಮಗಳೇ. ಮದುವೆಯಾದ ದಿನವೂ ಅವನು ಹಾಗೆ ನಕ್ಕಿರಲಿಕ್ಕಿಲ್ಲ.

ಮೊದಲ ಹಾರಾಟ ನನ್ನ ಕೈಯಲ್ಲೇ ಆಯಿತು. ಊರಾಚೆ ಇಟ್ಟಿಗೆ ಕಾರ್ಖಾನೆಯ ಹಿಂದಿನ ಬಯಲು, ತಣ್ಣನೆಯ ಬೆಳಗು, ಗಾಳಿ ಇರಲಿಲ್ಲ. ದಪ್ಪ ಹೊಟ್ಟೆಯ ಆ ವಿಮಾನ ನೆಲ ಬಿಟ್ಟಾಗ ಕ್ಲಬ್ಬಿನವರೆಲ್ಲ ಚಪ್ಪಾಳೆ ತಟ್ಟಿದರು. ನೀನು ನನ್ನ ಹಿಂದೆ ನಿಂತು, ಆಕಾಶದ ಕಡೆ ಮುಖವೆತ್ತದೆ, ನೆಲ ನೋಡಿಕೊಂಡು ಕೇಳುತ್ತಿದ್ದೆ. ಮೂರು ಭಾನುವಾರ ಹಾಗೇ ನಡೆಯಿತು. ಜನ ನನ್ನ ಬೆನ್ನು ತಟ್ಟಿದರು. ನನಗೆ ಹಿತವಾಗಿತ್ತು.

ನಾಲ್ಕನೆಯ ಭಾನುವಾರ ಜೋಡಿ ರಿಮೋಟಿನ ತಂತಿ ತಂದವನು ನಾನೇ. ಹೊಸಬರಿಗೆ ಕಲಿಸಲು ಬಳಸುವುದು ಅದು. ಕಲಿಯುವವನ ಕೈಯಲ್ಲಿ ಒಂದು ರಿಮೋಟ್, ಕಲಿಸುವವನ ಕೈಯಲ್ಲಿ ಒಂದು, ನಡುವೆ ತಂತಿ. ಕಲಿಸುವವನು ತನ್ನ ರಿಮೋಟಿನ ಮೇಲಿನ ಒಂದು ಗುಂಡಿಯನ್ನು ಒತ್ತಿಹಿಡಿದಿರುವವರೆಗೆ ವಿಮಾನ ಕಲಿಯುವವನ ಮಾತು ಕೇಳುತ್ತದೆ. ಬೆರಳು ತೆಗೆದ ಕ್ಷಣ ಕಲಿಸುವವನ ಕೈಗೆ ಬರುತ್ತದೆ. ನೀನು ಒಪ್ಪಲಿಲ್ಲ. 'ಕುರುಡನ ಕೈಗೆ ಕೊಟ್ಟು ಹದಿನಾಲ್ಕು ತಿಂಗಳು ಹಾಳು ಮಾಡ್ಕೊಳ್ತೀಯಾ?' ಅಂದೆ. ನಾನು ಬಲವಂತ ಮಾಡಿದೆ. ಅದು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು, ಆ ಒಂದನ್ನು ಮಾತ್ರ ನನ್ನ ಲೆಕ್ಕಕ್ಕೆ ಬಿಡು.

ಎತ್ತರಕ್ಕೆ ಏರಿಸಿ, ಸಮ ಮಾಡಿ, ಗುಂಡಿ ಒತ್ತಿ, 'ನಿಂದು' ಅಂದೆ. ನಿನ್ನ ಹೆಬ್ಬೆರಳುಗಳು ಕಡ್ಡಿಗಳ ಮೇಲೆ ಕೂತವು. ನಾನು, 'ಎಡಕ್ಕೆ ಸ್ವಲ್ಪ, ಸಾಕು, ನೇರ ಮಾಡು' ಎಂದು ಹೇಳುತ್ತಾ ಹೋದೆ. ಎರಡು ಸುತ್ತು ಆದಮೇಲೆ ನಾನು ಹೇಳುವ ಮೊದಲೇ ನೀನು ತಿರುಗಿಸುತ್ತಿದ್ದೆ. ಸದ್ದು ದೂರ ಹೋಗುವುದನ್ನು, ಹತ್ತಿರ ಬರುವುದನ್ನು ಕೇಳಿಯೇ. ಮೂರನೆಯ ಸುತ್ತಿನಲ್ಲಿ ನಾನು ಸುಮ್ಮನಾದೆ. ಹೇಳುವುದು ಏನೂ ಉಳಿದಿರಲಿಲ್ಲ. ಅದೇ ಹಳೆಯ ಹಾರಾಟ, ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ. ನನ್ನ ಕೈಯಲ್ಲಿ ಮೂರು ಭಾನುವಾರ ಆ ವಿಮಾನ ಹಾಗೆ ಹಾರಿರಲಿಲ್ಲ.

ಆಗ ಎಡಗಡೆ ಎಂಜಿನ್ ನಿಂತಿತು.

ನನಗೆ ಕೇಳಿಸಲೇ ಇಲ್ಲ. ಕಂಡಿತು. ಮೂಗು ಎಡಕ್ಕೆ ಹೊರಳಿತು, ಎಡ ರೆಕ್ಕೆ ಕೆಳಗೆ ಬಿತ್ತು, ಹಲ್ಲಿನ ಡಾಕ್ಟರ ವಿಮಾನ ಬಿದ್ದದ್ದು ಕಣ್ಣಮುಂದೆ ಬಂತು. ಬಾಯಿಗೆ ಬೀಗ ಬಿತ್ತು. ಗುಂಡಿಯಿಂದ ಬೆರಳು ತೆಗೆದು ನಾನು ವಿಮಾನ ತೆಗೆದುಕೊಳ್ಳಬೇಕಿತ್ತು. ತೆಗೆಯಲಿಲ್ಲ. ಬೆರಳು ನನ್ನದಲ್ಲ ಎಂಬಂತೆ ಅಲ್ಲೇ ಕಚ್ಚಿಕೊಂಡಿತ್ತು.

'ತಮ್ಮ ಹೋದ' ಅಂದೆ ನೀನು. ಮೆಲ್ಲಗೆ, ಬಸ್ಸಿನಲ್ಲಿ ಯಾರೋ ಇಳಿದುಹೋದರು ಅನ್ನುವ ಹಾಗೆ. ಅಷ್ಟರಲ್ಲಿ ನಿನ್ನ ಎಡ ಹೆಬ್ಬೆರಳು ಥ್ರಾಟಲನ್ನು ಅರ್ಧಕ್ಕೆ ಇಳಿಸಿ, ಚುಕ್ಕಾಣಿಯನ್ನು ಬಲಕ್ಕೆ ಒತ್ತಿಯಾಗಿತ್ತು. ಬಲ ಹೆಬ್ಬೆರಳು ಮೂಗನ್ನು ಚೂರೇ ಚೂರು ಕೆಳಗೆ ಮಾಡಿತ್ತು. ಬದುಕಿರುವ ಎಂಜಿನಿಗೆ ಇನ್ನಷ್ಟು ಶಕ್ತಿ ಕೊಟ್ಟು ಮೇಲೆತ್ತೋಣ ಎಂದೇ ಯಾರಿಗಾದರೂ ಅನ್ನಿಸುವುದು. ನೀನು ಅಣ್ಣನಿಗೆ, ಸುಮ್ಮನಿರು, ನಿಧಾನಕ್ಕೆ ನಡಿ ಎಂದು ಹೇಳಿದ ಹಾಗೆ ಮಾಡಿದೆ. ವಿಮಾನ ಒಮ್ಮೆ ತೂಗಾಡಿತು, ಆಮೇಲೆ ಸಮವಾಯಿತು.

'ಎಲ್ಲಿದೆ ಹೇಳು. ಬಾಯಿ ಬಿಡೋ' ಅಂದೆ ನೀನು.

'ಕಾರ್ಖಾನೆ ಚಿಮಣಿ ಹತ್ತಿರ.'

'ರೆಕ್ಕೆ?'

'ಸಮ ಇದೆ.'

'ಬಲಕ್ಕೆ ತರ್ತಾ ಇದೀನಿ. ಬಯಲಿನ ಕಡೆ ಮುಖ ಆದ್ರೆ ಹೇಳು.'

'ಆಯ್ತು. ಈಗ ಆಯ್ತು.'

'ಹಂಗಾದ್ರೆ ತಗೋ. ಇಳಿಸೋದು ನನ್ನಿಂದ ಆಗಲ್ಲ.'

ಆಗ ಬೆರಳು ಬಿಟ್ಟಿತು. ಗಾಳಿಗೆದುರಾಗಿ, ಅರ್ಧ ಶಕ್ತಿಯಲ್ಲಿ, ಸರಿಯಾದ ಎತ್ತರದಲ್ಲಿ ಬರುತ್ತಿದ್ದ ವಿಮಾನವನ್ನು ನೀನು ನನ್ನ ಕೈಗಿಟ್ಟೆ. ಅದನ್ನು ಇಳಿಸಲು ಯಾವ ಶೂರನೂ ಬೇಕಿರಲಿಲ್ಲ. ಹಾಗಿದ್ದೂ ನಾನು ಎರಡು ಸಲ ಕುಪ್ಪಳಿಸಿ ಇಳಿಸಿದೆ.

ಎಲ್ಲರೂ ಓಡಿಬಂದರು. ಒಂದು ಎಂಜಿನಿನಲ್ಲಿ ಎರಡು ಎಂಜಿನಿನ ವಿಮಾನ ಉಳಿದು ಬಂದದ್ದನ್ನು ನಮ್ಮ ಬಯಲಿನಲ್ಲಿ ಯಾರೂ ಕಂಡಿರಲಿಲ್ಲ. ಕಾರ್ಯದರ್ಶಿ ನನ್ನ ಹೆಗಲು ಹಿಡಿದು ಅಲ್ಲಾಡಿಸಿ, 'ಪಾಪ, ಮೇಸ್ತ್ರಿಗೆ ಖುಷಿ ಆಗ್ಲಿ ಅಂತ ಕೈಯಲ್ಲಿ ರಿಮೋಟ್ ಕೊಟ್ಟು, ಎಲ್ಲಾ ನೀವೇ ಸಂಭಾಳಿಸಿದ್ರಲ್ಲ. ದೊಡ್ಡ ಮನಸ್ಸು ಕಣ್ರೀ ನಿಮ್ದು' ಅಂದರು. ನೀನು ಎರಡು ಹೆಜ್ಜೆ ಆಚೆ ತಂತಿ ಸುತ್ತುತ್ತಿದ್ದೆ.

ನಾನು ಬಾಯಿ ತೆರೆದು ಒಂದೇ ಮಾತು ಹೇಳಿದ್ದರೆ ಸಾಕಿತ್ತು. ನಕ್ಕೆ. ಬರೀ ನಕ್ಕೆ ಮೇಸ್ತ್ರಿ. ಹಲ್ಲಿನ ಡಾಕ್ಟರು ಕೈ ಕುಲುಕಿದರು, ಅವರಿಗೂ ನಕ್ಕೆ. ಇಪ್ಪತ್ತಾರು ವರ್ಷ ಕಾದಿದ್ದ ಚಪ್ಪಾಳೆ ಕೈಗೆ ಬಂದಿತ್ತು, ಅದು ಯಾರದೆಂದು ಕೇಳುವ ಪುರುಸೊತ್ತು ನನಗಿರಲಿಲ್ಲ. ತಂತಿ ಸುತ್ತುವ ನಿನ್ನ ಕೈ ಒಂದು ಕ್ಷಣ ನಿಂತದ್ದನ್ನು ಮಾತ್ರ ಕಂಡೆ.

ಕಾರಿನಲ್ಲಿ ವಾಪಸು ಬರುವಾಗ ಸೇತುವೆಯ ಮೇಲೆ ನೀನು ಕೇಳಿದೆ: 'ನಿಜ ಹೇಳು. ಆ ಗುಂಡಿ ಒತ್ತಿದ್ದೆಯಾ, ಬಿಟ್ಟಿದ್ದೆಯಾ? ನಾನು ಹಾರಿಸಿದ್ನಾ, ಇಲ್ಲ ಮಗುವಿಗೆ ಆಟಿಕೆ ಸ್ಟೇರಿಂಗ್ ಕೊಟ್ಟ ಹಾಗೆ ಕೊಟ್ಟಿದ್ಯಾ?'

ನಾನು ಹೇಳಿದ್ದು ನಿನಗೆ ನೆನಪಿದೆ. 'ಇಬ್ಬರೂ ಸೇರಿ ಹಾರಿಸಿದ್ವಿ ಬಿಡು' ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಪೂರ್ತಿ ಸುಳ್ಳು ಹೇಳಿದ್ದರೆ ನೀನು ಜಗಳವಾಡುತ್ತಿದ್ದೆ. ಅರ್ಧ ನಿಜ ಹೇಳಿ ಅದಕ್ಕೂ ದಾರಿ ಬಿಡಲಿಲ್ಲ ನಾನು. ನೀನು 'ಓಹೋ' ಅಂದೆ. ನಿನ್ನ ಮನೆ ಬಂತು. ಇಳಿದೆ. ಕಾರಿನ ಬಾಗಿಲನ್ನು ಎಷ್ಟು ಮೆಲ್ಲಗೆ ಹಾಕಿದೆಯೆಂದರೆ ಅದು ಕೂರಲೇ ಇಲ್ಲ, ನಾನು ಮತ್ತೆ ತೆರೆದು ಹಾಕಬೇಕಾಯಿತು.

ಮರುವಾರ ಬಯಲಿಗೆ ಕರೆದರೆ ಕಾಲುನೋವು ಅಂದೆ ನೀನು. ಅದರ ಮರುವಾರ ನೆಂಟರು. ಆಮೇಲೆ ಕಾರಣ ಹೇಳುವುದನ್ನೂ ಬಿಟ್ಟೆ. ಫೋನ್ ಮಾಡಿದರೆ, 'ಆರಾಮಿದೀನಿ, ನೀವು ಹೇಗಿದೀರಿ?' ಎನ್ನುತ್ತಿದ್ದೆ. ನೀವು. ಇಪ್ಪತ್ತಾರು ವರ್ಷ ಲೋ, ಬಾರೋ, ಅಂಟಣ್ಣ ಎಂದವನ ಬಾಯಲ್ಲಿ ಬಹುವಚನ. ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಹೀಗೇ ಹನ್ನೊಂದು ತಿಂಗಳಾಯಿತು.

ಇನ್ನೊಂದು ಇದೆ. ಎರಡು ವಾರ ಬಿಟ್ಟು ತಮ್ಮನ ಟ್ಯಾಂಕು ಬಿಚ್ಚಿ ನೋಡಿದೆ. ಇಂಧನದ ಕೊಳವೆಯಲ್ಲಿ ಸೂಜಿಮೊನೆಯಷ್ಟು ತೂತು. ಗಾಳಿ ಎಳೆದು ಎಂಜಿನ್ ನಿಂತಿತ್ತು. ಆ ಕೊಳವೆಯನ್ನು ಚಿಮಟದಲ್ಲಿ ಹಿಡಿದು ಕೂರಿಸಿದವನು ನಾನು, ಚುಚ್ಚಿದ್ದೂ ನಾನೇ. ಎಂಜಿನ್ ಪಳಗಿಸುವುದರಲ್ಲಿ ಎಲ್ಲಿ ತಪ್ಪಿದೆ ಎಂದು ನೀನು ಮನೆಯಲ್ಲಿ ಕೂತು ಯೋಚಿಸಿರುತ್ತೀಯ. ನೀನು ಎಲ್ಲೂ ತಪ್ಪಿರಲಿಲ್ಲ. ತಮ್ಮನೂ ತಪ್ಪಿರಲಿಲ್ಲ.

ಈಗ ನಿನ್ನೆಯ ಮಾತು. ಭಾನುವಾರ ಕ್ಲಬ್ಬಿನ ಸಭೆ ಇತ್ತು. ನಿನ್ನ ಪೆಟ್ಟಿಗೆಯನ್ನು ಯಾರಿಗೆ ಕೊಡುವುದೆಂಬ ವಿಷಯ ಬಂತು. ಕಾರ್ಯದರ್ಶಿ, 'ಮೇಸ್ತ್ರಿಯವರ ನೆನಪಿಗೆ' ಎಂದು ಶುರು ಮಾಡಿದರು, ನೀನು ಸತ್ತೇಹೋದ ಹಾಗೆ. ನಾನು ಎದ್ದು ನಿಂತೆ. ಮುಂದಿನ ಕುರ್ಚಿ ಹಿಡಿದುಕೊಂಡೆ. ಎಲ್ಲ ಹೇಳಿದೆ. ಗುಂಡಿ ಒತ್ತಿಹಿಡಿದೇ ಇದ್ದದ್ದು, ಬಾಯಿಗೆ ಬೀಗ ಬಿದ್ದದ್ದು, ನೀನು ಕಿವಿಯಿಂದಲೇ ಯಾವ ಎಂಜಿನ್ ನಿಂತಿತೆಂದು ತಿಳಿದು ವಿಮಾನ ಉಳಿಸಿದ್ದು, ನಾನು ನಕ್ಕದ್ದು. ಕೊಳವೆಯ ವಿಷಯವನ್ನೂ ಬಿಡಲಿಲ್ಲ. ಇಪ್ಪತ್ತು ಜನರಿದ್ದರು.

ಹಲ್ಲಿನ ಡಾಕ್ಟರು, 'ಅಂದ್ರೆ ಅವತ್ತು ನೀವು ಏನೂ ಮಾಡ್ಲಿಲ್ಲ?' ಎಂದು ಕೇಳಿದರು.

'ಏನೂ ಇಲ್ಲ. ಎರಡು ಸಲ ಕುಪ್ಪಳಿಸಿ ಇಳಿಸಿದೆ' ಅಂದೆ.

ಯಾರೋ ಕಿಸಕ್ಕೆಂದರು. ಕಾರ್ಯದರ್ಶಿಯ ಮುಖ ಬಾಡಿತು. ಅವರು ಕೆಟ್ಟವರಲ್ಲ ಮೇಸ್ತ್ರಿ, ಅವತ್ತು ಆಡಿದ್ದು ಪ್ರೀತಿಯಿಂದಲೇ. 'ನಾನು ಅವರೆದುರೇ ಅಂದುಬಿಟ್ಟೆನಲ್ಲ' ಎಂದು ಎರಡು ಸಲ ಹೇಳಿದರು. ಆಮೇಲೆ ದಾಖಲೆ ಪುಸ್ತಕ ತೆರೆದು, ಆ ಭಾನುವಾರದ ಪುಟ ಹುಡುಕಿ, ಹಾರಿಸಿದವರು ಎಂಬಲ್ಲಿ ನನ್ನ ಹೆಸರಿಗೆ ಗೆರೆ ಎಳೆದು ನಿನ್ನ ಹೆಸರು ಬರೆದರು. ಇಳಿಸಿದವರು ಎಂದು ಬೇರೆ ಕಾಲಮ್ಮು ಇಲ್ಲವಂತೆ. ಇಲ್ಲದಿರುವುದೇ ಒಳ್ಳೆಯದು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳಿಗೂ ಇಷ್ಟು ದಿನ ಹೇಳಿರಲಿಲ್ಲ. ಹುರುಳಿಕಾಯಿ ಮುರಿಯುತ್ತಿದ್ದವಳು ತಲೆಯೆತ್ತದೆ, 'ಇದನ್ನ ಹೇಳೋಕೆ ಹನ್ನೊಂದು ತಿಂಗಳು ಬೇಕಾಯ್ತಾ?' ಅಂದಳು. ಹೌದು ಅಂದೆ. 'ಊರಿಗೆಲ್ಲ ಹೇಳಿ ಬಂದ್ರಿ. ಹೇಳಬೇಕಾದವರಿಗೆ?' ಅಂದಳು. ಅದಕ್ಕೇ ಇವತ್ತು ಅಂಗಡಿ ತೆರೆಯದೆ ಬೆಳಗಿನಿಂದ ಬರೆಯುತ್ತಿದ್ದೇನೆ.

ನೀನು ಸೇತುವೆಯ ಮೇಲೆ ಕೇಳಿದ್ದಕ್ಕೆ ಉತ್ತರ: ನೀನೇ. ನಾಲ್ಕೂವರೆ ನಿಮಿಷ, ಒಬ್ಬನೇ. ಅದರಲ್ಲಿ ಕಡೆಯ ಒಂದು ನಿಮಿಷ ಒಂದೇ ಎಂಜಿನಿನಲ್ಲಿ. ನನ್ನ ಬೆರಳು ಗುಂಡಿಯ ಮೇಲಿಂದ ಒಮ್ಮೆಯೂ ಎದ್ದಿರಲಿಲ್ಲ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ, ಅಂಥ ಸ್ವಭಾವ ನಿನ್ನದು, ಅದು ನನಗೆ ಬಹಳ ಅಗ್ಗವಾಗುತ್ತದೆ. ಬಯಲಿಗೆ ಬಾ ಎಂದೂ ಕರೆಯುವುದಿಲ್ಲ. ನಿನ್ನ ಪೆಟ್ಟಿಗೆಯನ್ನು ಯಾರಿಗೂ ಕೊಟ್ಟಿಲ್ಲ, ನನ್ನ ಅಂಗಡಿಯ ಕಪಾಟಿನಲ್ಲಿದೆ. ಬೇಕೆಂದರೆ ತಂದುಕೊಡುತ್ತೇನೆ, ಗೇಟಿನಲ್ಲಿಟ್ಟು ಹೋಗು ಅಂದರೆ ಗೇಟಿನಲ್ಲಿಟ್ಟು ಹೋಗುತ್ತೇನೆ. ವಿಮಾನ ಇವತ್ತಿಗೂ ಚೆನ್ನಾಗಿದೆ, ಆದರೆ ಅಣ್ಣ ತಮ್ಮಂದಿರು ಮತ್ತೆ ಗುಂಯ್‌ಗುಟ್ಟುತ್ತಿದ್ದಾರೆ. ಯಂತ್ರದ ಅಂಕಿ ನೋಡಿ ಸೂಜಿ ತಿರುಗಿಸಿ ಸಾಕಾಯಿತು, ಅವರು ನನ್ನ ಮಾತು ಕೇಳುವುದಿಲ್ಲ. ಇದನ್ನು ನಿನ್ನನ್ನು ಕರೆಸುವ ಉಪಾಯ ಅಂದುಕೊಳ್ಳಬೇಡ. ಅಂದುಕೊಂಡರೂ ಸರಿಯೇ.

ಮಗಳೇ, ಓದಿ ಮುಗಿಸಿದ ಕೂಡಲೇ ಅಪ್ಪನ ಮುಖ ನೋಡಬೇಡ. ಏನನ್ನಿಸಿತು ಎಂದೂ ಕೇಳಬೇಡ. ಕಾಗದವನ್ನು ಅವನ ಕೈಗೆ ಕೊಟ್ಟು, ನೀನು ಒಳಗೆ ಹೋಗಿ ನಿನ್ನ ಕೆಲಸ ನೋಡಿಕೋ. ಸ್ವಲ್ಪ ಹೊತ್ತು ಅವನೊಬ್ಬನೇ ಇರಲಿ.

ಮೇಸ್ತ್ರಿ, ನಿನ್ನ ಕಿವಿ, ನಿನ್ನ ಬೆರಳು, ನಿನ್ನ ಕೊಂಕು ಮಾತು ಎಲ್ಲವೂ ನೂರು ಕಾಲ ಚುರುಕಾಗಿರಲಿ. ಮತ್ತೆ ಮಾತಾಡುವುದಾದರೆ ಮಾತ್ರ, ದಯವಿಟ್ಟು, ಏಕವಚನದಲ್ಲಿ ಬೈಯಿ.

ನಿನ್ನ,
ಅಂಟಣ್ಣ